ಸುಲ್ತಾನನ ಹೆಸರಿಗೆ ಬಿದ್ದ ತೂತು

ಜಂಬವಿಲ್ಲದವನು ಹಳೆಯ ನಾಣ್ಯದ ವ್ಯಾಪಾರಕ್ಕೆ ಇಳಿಯಬಾರದು. ಬಾಳೆಹಣ್ಣು ಮಾರುವವನ ಪರವಾಗಿ ಹಣ್ಣೇ ಮಾತಾಡುತ್ತದೆ. ಬಜಾರಿನಲ್ಲಿ ನಡೆಯದ ದುಡ್ಡು ಕೊಟ್ಟು ನಡೆಯುವ ದುಡ್ಡು ಇಸಿದುಕೊಳ್ಳುವುದಕ್ಕೆ ಗತ್ತು ಬೇಕು. ನನಗೆ ಅದು ಧಾರಾಳವಾಗಿತ್ತು. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಸುರಪುರ, ಶಹಾಪುರ, ಯಾದಗಿರಿಯ ಸಂತೆಗಳಲ್ಲಿ ಕೆಂಪು ಅರಿವೆ ಹಾಸಿ ಕೂತರೆ, ಹೆಬ್ಬೆರಳಿನಿಂದ ಸವರಿಯೇ ಇದು ಯಾವ ಸುಲ್ತಾನನದು, ಇದು ಯಾವ ಪೇಶ್ವೆಯದು ಎಂದು ಹೇಳುತ್ತಿದ್ದೆ. ಯಾದಗಿರಿಯ ವಕೀಲರೊಬ್ಬರು ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ಹೆಂಡತಿ ಮಾತ್ರ, "ನಿಮ್ ರೊಕ್ಕ ಉಪ್ಪಿನ ಅಂಗಡ್ಯಾಗ ನಡೀತದೇನ್ರಿ?" ಎನ್ನುತ್ತಿದ್ದಳು. ನಾನು ಕೇಳಿಸದವನಂತೆ ಧೋತರ ಕೊಡವಿ ಹೊರಡುತ್ತಿದ್ದೆ.

ಆ ಅರಿವೆಯ ನಟ್ಟನಡುವೆ ಬಿಜಾಪುರದ ಸುಲ್ತಾನನ ತಾಮ್ರದ ನಾಣ್ಯವೊಂದಿತ್ತು. ಉಳಿದದ್ದೆಲ್ಲ ಸವೆದಿದ್ದರೂ ಅವನ ಹೆಸರು ಸ್ಪಷ್ಟವಾಗಿತ್ತು. ವಕೀಲರು ಎಷ್ಟು ಅಂಗಲಾಚಿದರೂ ನಾನು ಕೊಟ್ಟಿರಲಿಲ್ಲ. ಅದು ಇದ್ದರೆ ನಾನು ನಾಣ್ಯದ ಪಂಡಿತ, ಹೋದರೆ ಹಳೇ ತಾಮ್ರದ ವ್ಯಾಪಾರಿ ಎಂದೇ ನಂಬಿದ್ದೆ. ಶಹಾಪುರದ ಸಂತೆಯಲ್ಲಿ ಒಬ್ಬ ಮುದುಕಿ ಸರಿಯಾಗಿ ಅದನ್ನೇ ಎತ್ತಿಕೊಂಡಳು. ಹುರುಪಿನಿಂದ ಸುಲ್ತಾನನ ವಂಶಾವಳಿ ಬಿಚ್ಚಿದೆ. ಪೂರ್ತಿ ಕೇಳಿದ ಮೇಲೆ ಆಕೆ, "ಚಲೋ ಅದ ತಮ್ಮಾ. ತೂತು ಹಾಕಿ ಕೊಡ್ತಿಯೇನು?" ಎಂದಳು.

ದೃಷ್ಟಿ ತಾಗದಂತೆ ಮೊಮ್ಮಗನ ಉಡದಾರಕ್ಕೆ ಕಟ್ಟಲಂತೆ! "ಯವ್ವಾ, ಸರಕಾರದ್ದೇ ತೂತಿನ ಕಾಸು ಬಂದಾವಲ್ಲ, ಅದನ್ನ ಕಟ್ರಿ," ಎಂದೆ.

"ಹುಟ್ಟುವಾಗ್ಲೇ ತೂತು ಬಿದ್ದದ್ದು ಕೂಸಿನ್ನ ಏನ್ ಕಾಯ್ತದೋ? ಇದು ಊರೂರು ಮಂದಿ ಕೈಯಾಗ ತಿರುಗ್ಯಾದ, ಯಾರ ಕಣ್ಣಿಗೂ ಅಂಜಂಗಿಲ್ಲ." ಆಕೆಯ ದನಿ ಇಳಿಯಿತು. "ಮೊದಲಿನ ಎರಡು ಕೂಸು ಉಳೀಲಿಲ್ಲಪ್ಪಾ."

ಪಕ್ಕದ ಕಮ್ಮಾರನಿಂದ ಸುತ್ತಿಗೆ, ಮೊಳೆ ಇಸಿದುಕೊಂಡೆ. ನಾಣ್ಯದ ಅಂಚು ದಪ್ಪ ಉಳಿದದ್ದು ಹೆಸರಿದ್ದ ಕಡೆ ಮಾತ್ರ. ಬೇರೆಲ್ಲಿ ಹೊಡೆದರೂ ಒಡೆಯುತ್ತಿತ್ತು. ಕಣ್ಣು ಮುಚ್ಚಿ ಸುಲ್ತಾನನ ಹೆಸರಿಗೇ ತೂತು ಹೊಡೆದೆ. ಸಂಕಟವಾಯಿತು, ಸುಳ್ಳೇಕೆ ಹೇಳಲಿ. ಆದರೆ ವಕೀಲರ ಪೆಟ್ಟಿಗೆಯಲ್ಲಿ ಮಲಗಬೇಕಿದ್ದ ಸುಲ್ತಾನ ಒಂದು ಕೂಸಿನ ಕಾವಲಿಗೆ ನಿಂತನಲ್ಲ ಎಂದು ಹೆಮ್ಮೆಯೂ ಆಯಿತು.

ವರ್ಷ ತುಂಬಿದ ಮೊಮ್ಮಗನನ್ನು ಮುದುಕಿ ಸಂತೆಗೆ ಹೊತ್ತು ತಂದು, ಕಂಡಕಂಡವರಿಗೆಲ್ಲ ಉಡದಾರ ತೋರಿಸಿದಳು. ಅದಾದ ಮುಂದಿನ ಸಂತೆಯಲ್ಲಿ ವಕೀಲರು ಗೆಳೆಯರನ್ನು ಕರೆತಂದು, "ಇವರು ನಮ್ಮ ಕಡೆಯ ದೊಡ್ಡ ನಾಣ್ಯ ಪಂಡಿತರು" ಎಂದು ನನ್ನನ್ನು ಪರಿಚಯಿಸುತ್ತಿದ್ದರು. ಅಷ್ಟರಲ್ಲಿ ಕೂಸನ್ನೆತ್ತಿಕೊಂಡು ಬಂದ ಹೆಂಗಸೊಬ್ಬಳು, "ತೂತು ಹಾಕೋ ಅಣ್ಣಾರು ಎಲ್ಲಿ ಕೂಡ್ತಾರ್ರಿ?" ಎಂದು ಕೇಳಿದಳು. ವಕೀಲರು ಕಮ್ಮಾರನ ಕಡೆ ಕೈ ತೋರಿಸುವಷ್ಟರಲ್ಲಿ ಪಂಡಿತರು ಎದ್ದು ನಿಂತು, "ಇಲ್ಲೇ ಬಾ ತಂಗೀ, ನಾನೇ ಅವಾ!" ಎಂದು ಕೂಗಿಯಾಗಿತ್ತು.