ಕೂಡ್ಲಿಗಿಯ ಸುಳ್ಳು ಯುದ್ಧ, ನಿಜವಾದ ಖರೀದಿ

ನಾಲ್ಕು ಜನರ ಕೈಗೆ ಸರ್ಕಾರದ ದುಡ್ಡು ಕೊಟ್ಟು, ಎರಡು ತಂಡ ಮಾಡಿ, 'ಯಾರು ಗೆಲ್ಲುತ್ತೀರಿ ನೋಡೋಣ' ಎಂದರೆ ಸಾಕು, ನಗುವಂಥದ್ದು ತಾನಾಗಿ ನಡೆಯುತ್ತದೆ. ಅಳುವಂಥದ್ದು ಅದರ ಹಿಂದೆಯೇ ಬರುತ್ತದೆ.

ನಾನು ಕೊಟ್ಟೂರಿನವನು. ಸೇನೆಯಲ್ಲಿ ಸುಬೇದಾರನಾಗಿದ್ದು ನಿವೃತ್ತನಾದ ಮೇಲೆ, ಸೇನೆಗೆ ಸಾಮಾನು ಖರೀದಿಸುವವರ ತರಬೇತಿಗೆ ತೀರ್ಪುಗಾರನಾಗಿ ಹೋಗುತ್ತೇನೆ. ಒಮ್ಮೆ ಶಿಬಿರ ಕೂಡ್ಲಿಗಿಗೇ ಬಂತು. ಸಾಮಾನು ಸುಲಭಕ್ಕೆ ಸಿಗದ ಜಾಗ ಹುಡುಕುತ್ತಿದ್ದರಂತೆ. ನಮ್ಮ ಸೀಮೆಗೆ ಸಿಕ್ಕ ಮರ್ಯಾದೆ ಅದು. ಕೆಂಪು ತಂಡಕ್ಕೆ ದಪ್ಪ ಮೀಸೆಯ ಕ್ಯಾಪ್ಟನ್ ನಾಯಕ. ಹಸಿರು ತಂಡಕ್ಕೆ ಮೆಲುಮಾತಿನ ಒಬ್ಬ ಮಹಿಳಾ ಕ್ಯಾಪ್ಟನ್. ಅವರಾಡಿದ್ದು ಹಿಂದಿ. ನನ್ನ ಬಾಯಲ್ಲಿ ಎಲ್ಲರೂ ನಮ್ಮ ಕಡೆಯವರೇ ಆಗಿಬಿಡುತ್ತಾರೆ.

ತಾಡಪತ್ರಿ

ಮಳೆಗೆ ಸಿಕ್ಕ ಕಾಲ್ಪನಿಕ ಪಡೆಗೆ ಹರಪನಹಳ್ಳಿಯಿಂದ ತಾಡಪತ್ರಿ ತರಬೇಕಿತ್ತು. ದಾಸ್ತಾನು ಇದ್ದದ್ದು ಒಂದೇ ಅಂಗಡಿಯಲ್ಲಿ. ಒಂದು ತಂಡ ಮುಂದಿನ ಬಾಗಿಲಿಂದ, ಇನ್ನೊಂದು ಹಿಂದಿನಿಂದ ಹೊಕ್ಕು, 'ಅವರಿಗೆ ಕೊಡಬ್ಯಾಡ್ರಿ, ನಾವು ಹೆಚ್ಚಿಗಿ ಕೊಡ್ತೀವಿ' ಎಂದು ಬೆಲೆ ಏರಿಸಿದ್ದೇ ಏರಿಸಿದ್ದು. ಅಂಗಡಿ ಖಾಲಿಯಾಯಿತು. ಅಷ್ಟರಲ್ಲಿ ನಿಜವಾದ ಮಳೆ ಬಂತು. ಮೆಕ್ಕೆಜೋಳ ಒಣಗಹಾಕಿದ್ದ ರೈತನೊಬ್ಬ ಓಡಿಬಂದು, ಬರಿಗೈಲಿ ಹೋದ. ಇಲ್ಲದ ಸೈನಿಕರು ಬೆಚ್ಚಗಿದ್ದರು. ಇದ್ದವನ ಕಾಳು ತೋಯಿತು.

ಅಂಗಡಿಯವನು ನನ್ನನ್ನು ಪಕ್ಕಕ್ಕೆ ಕರೆದ. "ಈ ಯುದ್ಧ ಎಲ್ಲೀಮಟ ನಡಿತೈತ್ರಿ?"

"ಯಾಕ್ರಿ?"

"ಮಗಳ ಮದುವಿ ಐತ್ರಿ. ಅಲ್ಲೀಮಟ ಎಳೀರಿ."

ಸ್ಟ್ರೆಚರ್

ಮುಂದಿನದು ಗಾಯಾಳುಗಳನ್ನು ಹೊರುವ ಸ್ಟ್ರೆಚರ್ ಮಾಡಿಸುವ ಸ್ಪರ್ಧೆ. ಕೆಂಪು ತಂಡ ಮೊದಲು ಮುಗಿಸಿತು, ಅದೂ ಅಗ್ಗಕ್ಕೆ. ಮೀಸೆ ಕ್ಯಾಪ್ಟನ್ ಆಗಲೇ ಗೆದ್ದವರಂತೆ ನಿಂತಿದ್ದರು.

"ಮಲಗ್ರಿ ಸಾಹೇಬ್ರೇ," ಎಂದೆ.

"ನಾನಾ?"

"ಖರೀದಿ ಮಾಡಿದವ್ರ ಮಲಗಬೇಕು."

ಈ ನಿಯಮ ನನ್ನದೇ. ಹಿಂದೆ ಹಿಮದ ಠಾಣೆಯೊಂದರಿಂದ ಗಾಯಗೊಂಡ ಗೆಳೆಯನನ್ನು ಹೊತ್ತು ಇಳಿಯುವಾಗ ಸ್ಟ್ರೆಚರಿನ ಬಟ್ಟೆ ಹರಿದಿತ್ತು. ಅವನು ಆಸ್ಪತ್ರೆ ಮುಟ್ಟಲಿಲ್ಲ.

ಕ್ಯಾಪ್ಟನ್ನರನ್ನು ಅವರ ತಂಡವೇ ಗುಡೇಕೋಟೆಯ ಗುಡ್ಡ ಹತ್ತಿಸಿತು. ಇಳಿಯುವಾಗ ಸ್ಟ್ರೆಚರಿನ ಬಿದಿರು ಲಟಕ್ಕೆಂದಿತು. ಬಂಡೆಯ ಮೇಲೆ ಬಿದ್ದು ಅವರ ಭುಜದ ಮೂಳೆ ಮುರಿಯಿತು. ಹಸಿರು ತಂಡದವರು ತಮ್ಮ ಸ್ಟ್ರೆಚರಿನಲ್ಲೇ ಅವರನ್ನು ಕೆಳಗೆ ತಂದರು. ನಾನು ಪಕ್ಕದಲ್ಲೇ ನಡೆದೆ. ಹಳೆಯದೇ ಮತ್ತೆ ನಡೆದಂತಿತ್ತು. ದಾರಿಯಲ್ಲಿ ಅವರು ಕಣ್ಣು ಬಿಟ್ಟರು. "ಸುಬೇದಾರ್ ಸಾಹೇಬ್ರೇ..."

ನಾನು ಬಗ್ಗಿದೆ. "ಹೇಳ್ರಿ."

"ಮುರಿದದ್ದು ಖರೆ. ಆದ್ರ ಇವರದಕ್ಕಿಂತ ನಮ್ಮದು ಅಗ್ಗ ಇತ್ತಲ್ಲರೀ?"

ಸುತ್ತುವರಿದ ಠಾಣೆ

ಕೊನೆಯ ದಿನ ಹಸಿರು ತಂಡದ ಸರದಿ. ಶತ್ರು ಸುತ್ತುವರಿದ ಠಾಣೆಯೆಂದರೆ ನಾನು; ಪಕ್ಕದ ಕೋಣೆಯಲ್ಲಿ ಫೋನು ಹಿಡಿದು ಕೂತಿದ್ದೆ. ತುರ್ತಿದ್ದರೆ ಮೂರು ಅಂಗಡಿಯ ದರಪಟ್ಟಿ ತರಿಸದೆ ನೇರ ಕೊಳ್ಳಬಹುದೆಂದು ಪಾಠದಲ್ಲಿ ಹೇಳಿದ್ದೆವು. ಆದರೆ ಮುಂದೆ ಲೆಕ್ಕ ತಪಾಸಣೆಯವರು ಬಂದು ಕೇಳಿದರೆ ಎಂಬ ಹೆದರಿಕೆ ಆ ಮಹಿಳಾ ಕ್ಯಾಪ್ಟನ್ನರಿಗೆ.

"ಮೇಡಂ, ಔಷಧಿ ಮುಗಿದಾವು. ಹುಡುಗ್ರು ಸಾಯಾಕತ್ಯಾರ."

"ಒಬ್ಬರ ದರಪಟ್ಟಿ ಬಂದೈತ್ರಿ. ಇನ್ನೂ ಇಬ್ಬರದು ಬರಬೇಕು."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಫೋನು ಮಾಡಿದೆ. "ಅರ್ಧ ಮಂದಿ ಹೋದ್ರು, ಮೇಡಂ."

"ಅಯ್ಯೋ! ಹಂಗಾದ್ರ ಔಷಧಿನೂ ಅರ್ಧ ಸಾಕಲ್ಲರೀ? ಟೆಂಡರ್ ತಿದ್ದಬೇಕಾತು."

ನಾಟಕವೆಂದು ಗೊತ್ತಿತ್ತು. ಆದರೆ ಇಂಥದೇ ದನಿಯಲ್ಲಿ ನಿಜವಾಗಿಯೂ ಬೇಡಿದವರ ಮಾತನ್ನು ನಾನು ಕೇಳಿದ್ದೇನೆ. ಕೊನೆಗೆ ಹೇಳಿದೆ: "ಮೇಡಂ, ಠಾಣೆದಾಗ ನಾನೊಬ್ಬನ ಉಳಿದೀನಿ. ನಾನೂ ಹೊಂಟೆ."

ಆ ಕಡೆ ಗಡಿಬಿಡಿ, ಕುರ್ಚಿ ಎಳೆದ ಸದ್ದು. ಆಮೇಲೆ ಆ ತಾಯಿಯ ಮೆಲುದನಿ, ಅಳುವುದೊಂದು ಬಾಕಿ:

"ಔಷಧಿ ಈಗ ಹೊಂಟಾವ್ರಿ. ನಮ್ಮ ಮ್ಯಾಲೆ ಒಂದು ಉಪಕಾರ ಮಾಡ್ರಿ. ಸಾಯೋಕಿಂತ ಮುಂಚೆ, ಸಾಮಾನು ಸುಸ್ಥಿತಿಯಾಗ ಮುಟ್ಯಾವು ಅಂತ ಒಂದು ಸಹಿ ಮಾಡಿ ಸಾಯ್ರಿ."