ಪ್ರೋಟೀನುಗಳ ನಂಟು ನೋಡುವ ಕೆಲಸ

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ಮಾತು ಬದಲಿಸಲು ನೋಡುತ್ತೇನೆ. ಉತ್ತರ ಕೊಟ್ಟಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ.

ರೇಷ್ಮೆಹುಳುವಿನ ಜೀವಕೋಶದೊಳಗೆ, ರೋಗದ ವೈರಸ್ಸಿನ ಒಂದು ಪ್ರೋಟೀನು ಹುಳುವಿನದೇ ಪ್ರೋಟೀನಿಗೆ ಅಂಟಿಕೊಳ್ಳುತ್ತದೋ ಇಲ್ಲವೋ ಎಂದು ನೋಡುವುದು ನನ್ನ ಕೆಲಸ. ಎರಡಕ್ಕೂ ಬೇರೆ ಬೇರೆ ಹೊಳೆಯುವ ಬಣ್ಣ ಹಚ್ಚಿ ಲೇಸರ್ ಹಾಯಿಸುತ್ತೇನೆ. ಒಂದರ ಪಕ್ಕಕ್ಕೆ ಇನ್ನೊಂದು ಬಂದು ಕೂತಿದ್ದರೆ ಮೊದಲನೆಯದರ ಹೊಳಪು ಬೇಗ ಆರುತ್ತದೆ. ಆ ಹೊಳಪಿನ ಆಯಸ್ಸನ್ನು ಅಳೆಯಬೇಕು. ಅಷ್ಟೇ.

ಆಯಸ್ಸು

ಇದನ್ನೇ ದೊಡ್ಡಆಲಹಳ್ಳಿಯ ಚಿಕ್ಕಜ್ಜಿಗೆ ಹೇಳಿದೆ. ಅವರಿಗೆ ಕೇಳಿಸಿದ್ದು 'ಆಯಸ್ಸು' ಒಂದೇ. ತಕ್ಷಣ ಕೈ ಚಾಚಿದರು.

"ನಂದೊಸಿ ನೋಡವ್ವ, ಇನ್ನೆಷ್ಟೈತೆ?"

"ಮನುಷ್ಯರದ್ದಲ್ಲ ಅಜ್ಜಿ, ಬೆಳಕಿಂದು. ಕಣ್ಣು ಮಿಟುಕಿಸೋದ್ರೊಳಗೆ ಮುಗಿದೇ ಹೋಗಿರ್ತದೆ."

ಅಜ್ಜಿ ಕೈ ಹಿಂದಕ್ಕೆ ಎಳೆದುಕೊಂಡರು. "ಅಷ್ಟು ಬೇಗ ಸಾಯೋದನ್ನ ನೋಡಕ್ಕೆ ಇಷ್ಟು ವರ್ಸದಿಂದ ಓದ್ತಾ ಕೂತಿದ್ದೀಯಾ?"

ಕತ್ತಲೆ

ನಮ್ಮ ಮೈಕ್ರೋಸ್ಕೋಪಿಗೆ ಹಾಡಹಗಲಲ್ಲೂ ಕಗ್ಗತ್ತಲು ಬೇಕು. ಹೊಸ ಸೆಕ್ಯೂರಿಟಿಯವರು ಮಹಾ ಕರುಣಾಳು. ಬಾಗಿಲು ತೆಗೆದು, "ಯಾಕ್ ಮೇಡಂ ಕತ್ಲಲ್ಲಿ ಕೂತಿದ್ದೀರಿ? ಕರೆಂಟ್ ಐತಲ್ಲ!" ಎಂದು ಟಕ್ಕನೆ ಲೈಟು ಹಾಕಿದರು. ಬೆಳಗಿನಿಂದ ಅಳೆದದ್ದೆಲ್ಲ ಮಣ್ಣುಪಾಲು.

ಸ್ವಿಚ್ಚಿನ ಪಕ್ಕದಲ್ಲೇ ದಪ್ಪಕ್ಷರದಲ್ಲಿ 'ಲೈಟ್ ಹಾಕಬೇಡಿ' ಎಂದು ಬರೆದು ಅಂಟಿಸಿದೆ. ಮರುದಿನ ಮತ್ತೆ ಟಕ್!

"ಬರೆದಿರೋದು ಕಾಣಿಸಲಿಲ್ವಾ ಅಣ್ಣ?" ಎಂದು ಕಿರುಚಿದೆ.

"ಏನ್ ಬರ್ದವ್ರೆ ಅಂತ ಓದಕ್ಕೇ ಹಾಕ್ದೆ ಮೇಡಂ."

ಕನಕಪುರದ ಬಸ್ಸು

ಅಂತೂ ಒಂದು ದಿನ ಫಲ ಸಿಕ್ಕಿತು. ಕನಕಪುರದ ಬಸ್ಸು ಹತ್ತಿದವಳು ತಡೆಯಲಾರದೆ ನನ್ನ ಪಿಎಚ್‌ಡಿ ಗೈಡಿಗೆ ಫೋನ್ ಮಾಡಿ ಕೂಗಿದೆ: "ಸೇರಿಬಿಟ್ಟಿವೆ ಸರ್! ಅನುಮಾನವೇ ಇಲ್ಲ, ಎರಡೂ ಅಂಟಿಕೊಂಡೇ ಕೂತಿವೆ!"

ಬಸ್ಸಿನವರೆಲ್ಲ ನನ್ನತ್ತ ತಿರುಗಿದರು. ಸೊಪ್ಪಿನ ಕುಕ್ಕೆ ಹಿಡಿದು ಪಕ್ಕದಲ್ಲಿ ಕೂತಿದ್ದ ಅಮ್ಮ ಮೆಲ್ಲಗೆ ಕೇಳಿದರು, "ಯಾರ ಮನೆ ಮಕ್ಳವ್ವ? ಓಡೋಗವ್ರಾ?"

"ಅಯ್ಯೋ, ಮಕ್ಕಳಲ್ಲಮ್ಮ, ಪ್ರೋಟೀನು!"

ಆ ಅಮ್ಮನ ಮುಖದ ಮೇಲಿನ ಕನಿಕರ ನೋಡಲಾರದೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಜೀವಕೋಶ, ಬಣ್ಣ, ಲೇಸರ್, ಹೊಳಪು ಆರುವುದು, ಒಂದೂ ಬಿಡಲಿಲ್ಲ. ಅವರು ಕಣ್ಣು ಮಿಟುಕಿಸದೆ ಕೇಳಿಸಿಕೊಂಡರು. ನನ್ನ ಗೈಡ್ ಕೂಡ ಅಷ್ಟು ಗಮನ ಕೊಟ್ಟವರಲ್ಲ. ಒಬ್ಬರಿಗಾದರೂ ಅರ್ಥವಾಯಿತಲ್ಲ ಎಂದು ಜೀವ ತಂಪಾಯಿತು.

ಅವರ ಸ್ಟಾಪು ಬಂತು. ಕುಕ್ಕೆ ಸೊಂಟಕ್ಕೇರಿಸಿಕೊಂಡು ಬಾಗಿಲವರೆಗೆ ಹೋದವರು ತಿರುಗಿ, ಇಡೀ ಬಸ್ಸಿಗೆ ಕೇಳುವಂತೆ ಅಂದರು:

"ಎಲ್ಲಾ ಸರಿ ಕಣವ್ವ, ಇಬ್ರೂ ಒಂದೇ ಜಾತಿನೇ ತಾನೇ?"