ಎಂ.ಎ. ಓದಿಗೆ ಮನಿ ನೋಡಿದ್ದು

ನಮ್ಮ ಮನೆಯಲ್ಲಿ ಯಾವ ಕೆಲಸವೂ ಸುಮ್ಮನೆ ಆಗುವುದಿಲ್ಲ. ಹಪ್ಪಳ ಹಾಕಿದರೂ ಓಣಿಗೆಲ್ಲ ಸುದ್ದಿ. ಹಾಗಿರುವಾಗ ಎಪ್ಪತ್ತರ ದಶಕದ ಕೊನೆಯಲ್ಲಿ ಬಾಗಲಕೋಟೆಯಲ್ಲಿ ಬಿ.ಎ. ಮುಗಿಸಿ ಇಳಕಲ್ಲಿಗೆ ಬಂದ ನಾನು, "ಸಾರ್ವಜನಿಕ ಆಡಳಿತದಾಗ ಎಂ.ಎ. ಮಾಡ್ತೇನಿ" ಎಂದರೆ ಸುಮ್ಮನೆ ಮುಗಿದೀತೆ? ನನಗಂತೂ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮೈಸೂರೋ ಧಾರವಾಡವೋ ಎಂದು ಹಗಲೆಲ್ಲ ಅದೇ ಧ್ಯಾನ. ಅಪ್ಪ ಮಾತ್ರ ಒಂದೇ ಮಾತು ಹೇಳಿದರು: "ಆಯಿ ಹೂಂ ಅಂದ್ರ ಹೋಗು. ಉಹೂಂ ಅಂದ್ರ ಈ ವರ್ಷನ ಮದುವಿ."

ಆಯಿ ಎಂದರೆ ಅಪ್ಪನ ತಾಯಿ. ಆಕೆ ಹೂಂ ಅನ್ನುವ ತನಕ ನಡೆದ ಕಥೆಗಳಿವು.

೧. ಸೀಟು ಸಿಗುವ ಮೊದಲೇ ಅಧಿಕಾರ

ನನ್ನ ಕಾಕಾನ, ಎಂದರೆ ಚಿಕ್ಕಪ್ಪನ, ಸೀರೆ ಅಂಗಡಿಯೇ ಸುದ್ದಿಯ ಮೂಲ. ಸೀರೆ ಬಿಚ್ಚಿ ತೋರಿಸುತ್ತಲೇ ಆತ ಗಿರಾಕಿಗಳಿಗೆ, "ನಮ್ಮ ಹುಡುಗಿ ಸರಕಾರ ನಡಸೋದನ್ನ ಕಲಿಯಾಕ ಹೊಂಟಾಳ್ರಿ" ಎಂದು ಹೇಳಿಬಿಟ್ಟ. ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತ ನಿಂತಿದ್ದೆ. ಎದುರು ಮನೆಯ ಅಜ್ಜಿ ಬಂದಳು.

"ಯವ್ವಾ, ನಮ್ಮ ಓಣಿ ಲೈಟ್ ಹತ್ತವಲ್ದು. ಒಂಚೂರು ನೋಡು."

"ಅಜ್ಜಿ, ನಾ ಇನ್ನೂ ಕಲಿಯಾಕ ಹೋಗಬೇಕು."

ಆಕೆ ಹೋದಳು, ನೇಯುವವರ ಮನೆಯ ಸೊಸೆ ಬಂದಳು. ಅವರ ನಳದಲ್ಲಿ ನೀರು ಬರುತ್ತಿರಲಿಲ್ಲ. ಆಕೆಯ ಹಿಂದೆ ಗಟಾರದ ತಕರಾರು ಹೊತ್ತು ಇನ್ನೊಬ್ಬರು. ಬಾಯಲ್ಲಿ ಹಲ್ಲುಪುಡಿ ಇಟ್ಟುಕೊಂಡೇ ನಾನು ಮೂರು ಅಹವಾಲು ಕೇಳಿದೆ. ಆ ಅಜ್ಜಿ ಸಂಜೆ ಮತ್ತೆ ಹಾಜರು.

"ಲೈಟ್ ಏನಾತವಾ?"

"ಅಜ್ಜಿ, ನನಗಿನ್ನೂ ಸೀಟೇ ಸಿಕ್ಕಿಲ್ಲ!"

"ಅದಕ್ಕ ಹೇಳಾಕತ್ತೀನಿ. ಈಗ ಖಾಲಿ ಅದಿ, ಮಾಡಿಬಿಡು. ಸೀಟ್ ಸಿಕ್ಕ ಮ್ಯಾಲೆ ನೀನೂ ಎಲ್ಲಾರಂಗ ಕೈಗೆ ಸಿಗಂಗಿಲ್ಲ."

೨. ಮಾವನ ಮೈಸೂರು

ಮೈಸೂರಿನ ವಿಚಾರ ಕೇಳಲು ಆಯಿ ಮತ್ತು ನಾನು ಹುನಗುಂದಕ್ಕೆ ಹೋದೆವು. ಅಲ್ಲಿ ನನ್ನ ಸೋದರಮಾವ ಮಾಸ್ತರ. ವಯಸ್ಸಿನಲ್ಲಿದ್ದಾಗ ಯಾವುದೋ ತರಬೇತಿಗೆಂದು ಮೈಸೂರಿನ ಹಾಸ್ಟೆಲ್ಲಿನಲ್ಲಿ ಇದ್ದು ಬಂದವನು. ನಮ್ಮ ಬಳಗದಲ್ಲಿ ಮೈಸೂರು ಕಂಡವನು ಅವನೊಬ್ಬನೇ.

"ಊರು ಭಾಳ ಚಲೋ" ಎಂದ ಮಾವ. "ಗಿಡ, ತಂಪು, ಗ್ರಂಥಾಲಯ, ಎಲ್ಲಾ ಐತಿ. ಮಂದೀನೂ ಭಾಳ ಮೆತ್ತಗ ಮಾತಾಡ್ತಾರ. ಆದ್ರ ನಮ್ಮ ಊಟಕ್ಕ ಹೆದರ್ತಾರ."

"ಊಟಕ್ಕ ಯಾಕ ಹೆದರ್ತಾರ?" ಎಂದೆ.

ಮಾವ ಹೋಗುವಾಗ ಡಬ್ಬಿ ತುಂಬ ಕಟಿ ರೊಟ್ಟಿ ಒಯ್ದಿದ್ದನಂತೆ. ಒಣಗಿ ಖಡಕ್ ಆದ ಜೋಳದ ರೊಟ್ಟಿ, ತಿಂಗಳಾದರೂ ಕೆಡದ್ದು. ಮೊದಲ ದಿನ ರೂಮಿನ ಗೆಳೆಯನಿಗೂ ಒಂದು ಕೊಟ್ಟ. ಆ ಕಡೆಯ ಹುಡುಗ, ಪಾಪ, ರೊಟ್ಟಿ ಕಂಡವನಲ್ಲ. ಬೆರಳಿನಿಂದ ಬಡಿದು ನೋಡಿ, "ಚೆನ್ನಾಗಿದೆ" ಎಂದು ಅದರ ಮೇಲೆ ಅನ್ನ ಸಾರು ಬಡಿಸಿಕೊಂಡು ಉಂಡ. ಉಂಡು ರೊಟ್ಟಿಯನ್ನು ತೊಳೆಯಲು ಎದ್ದ.

"ನೀ ಏನ್ ಮಾಡ್ದಿ ಮಾವಾ?"

"ಚಲೋ ರೊಟ್ಟಿ ನೀರುಪಾಲು ಆಗ್ತೈತಲ್ಲಾ ಅಂತ ಅವನ ಕೈಯಾಗಿಂದ ಕಸಕೊಂಡು ಕಟಂ ಕಟಂ ತಿಂದೆ. ಅವ ಮರುದಿನ ಬ್ಯಾರೆ ರೂಮ್ ತಗೊಂಡ. ಊಟಾ ಆದ ಮ್ಯಾಲೆ ತಾಟೂ ತಿನ್ನೂ ಮನಶ್ಯಾನ ಜೋಡಿ ಯಾರು ಇರ್ತಾರ?"

ಇದನ್ನು ಕೇಳಿದ ಆಯಿ ಮೈಸೂರಿನ ಹೆಸರು ಎತ್ತಲು ಬಿಡಲಿಲ್ಲ. ರೊಟ್ಟಿ ಗೊತ್ತಿಲ್ಲದವರ ಊರಿಗೆ ಮೊಮ್ಮಗಳನ್ನು ಹೇಗೆ ಕಳಿಸುವುದು? ಉಳಿದದ್ದು ಧಾರವಾಡ.

೩. ಗುರುವಾರದ ಭಜನಿ

ಬಾಗಲಕೋಟೆಯಲ್ಲಿ ನನ್ನ ಗೆಳತಿಯ ಅಕ್ಕ ಇದ್ದಳು. ಧಾರವಾಡದಲ್ಲಿ ಎಂ.ಎ. ಓದಿ ಆಗಷ್ಟೇ ಬಂದವಳು. ಹಾಸ್ಟೆಲ್ ಜೀವನ ಹೇಗಿರುತ್ತದೆ ಎಂದು ಕೇಳಲು ಅಪ್ಪನನ್ನು ಕರೆದುಕೊಂಡೇ ಹೋದೆ. ಅಪ್ಪ ಪಡಸಾಲೆಯಲ್ಲಿ ಅವರ ತಂದೆಯ ಜೊತೆ ಕೂತರು. ನಾವು ಹಿತ್ತಲಿಗೆ ನಡೆದೆವು.

ಅಕ್ಕ ಹೇಳಿದ್ದೇ ಹೇಳಿದ್ದು. ಚರ್ಚಾಸ್ಪರ್ಧೆ, ಮಳೆಯಲ್ಲಿ ಚಹಾ, ಪರೀಕ್ಷೆಯ ಹಿಂದಿನ ದಿನ ಒಂದೇ ಪುಸ್ತಕಕ್ಕೆ ಆರು ಜನರ ಜಗಳ. ಕೇಳುತ್ತ ಕೇಳುತ್ತ ನನಗೆ ಅವತ್ತೇ ಬಸ್ಸು ಹತ್ತುವಷ್ಟು ಹುರುಪು ಬಂತು. "ಮತ್ತ ಗುರುವಾರ ಬಂತಂದ್ರ ತಪ್ಪಸಂಗಿಲ್ಲ ನೋಡು. ಹೊಸಾ ಪಿಕ್ಚರ್. ಬಾಲ್ಕನ್ಯಾಗ ಎಲ್ಲಾರೂ ಸಾಲಾಗಿ ಕುಂತು..."

ಅಷ್ಟರಲ್ಲಿ ಅಪ್ಪ ಕೈ ತೊಳೆಯಲು ಹಿತ್ತಲಿಗೆ ಬಂದರು. ಅಕ್ಕ ಮುಖದ ಮೇಲಿನ ಒಂದು ಗೆರೆಯೂ ಕದಲದಂತೆ ಮಾತು ಮುಂದುವರಿಸಿದಳು: "...ಸಾಲಾಗಿ ಕುಂತು ಭಜನಿ ಮಾಡ್ತಿದ್ವಿ."

ಅಪ್ಪ ಮೆಚ್ಚಿ ತಲೆಯಾಡಿಸಿದರು. ನಾನು ಉಸಿರು ಬಿಟ್ಟೆ. ಮರಳಿ ಬಸ್ ಸ್ಟ್ಯಾಂಡಿಗೆ ಬರುವಾಗ ಅಪ್ಪ ಮೆಲ್ಲಗೆ ಕೇಳಿದರು:

"ಅಲ್ಲವಾ, ಬಾಲ್ಕನ್ಯಾಗ ಕುಂತು ಭಜನಿ ಮಾಡಾಕ ಟಿಕೀಟ್ ಎಷ್ಟಂತ?"

೪. ಸಕ್ಕರಿ

ಆಯಿ ಇನ್ನೂ ಹೂಂ ಅಂದಿರಲಿಲ್ಲ. ಅರ್ಜಿಯ ಕೊನೆಯ ದಿನ ಹತ್ತಿರ ಬರುತ್ತಿತ್ತು. ಆಗ ತಿಳಿಯಿತು, ಗೆಳತಿಯ ಅಕ್ಕ ಇದ್ದ ಧಾರವಾಡದ ಹಾಸ್ಟೆಲ್ಲಿನ ವಾರ್ಡನ್ ಬಾಯಿಯ, ಎಂದರೆ ವಾರ್ಡನ್ ಮೇಡಮ್ಮಿನ, ತವರು ಬಾದಾಮಿ ಹತ್ತಿರದ ಚೊಳಚಗುಡ್ಡ. ರಜೆಗೆ ಆಕೆ ಅಲ್ಲಿಗೇ ಬಂದಿದ್ದಳು.

"ಹಾಸ್ಟೆಲ್ ನೋಡೂದ ಏನ ಬ್ಯಾಡ" ಎಂದಳು ಆಯಿ. "ನಡಸಾಕಿ ತವರಮನಿ ನೋಡಿದ್ರ ಆತು."

ನಮ್ಮ ಕಡೆ ಹುಡುಗಿ ಕೊಡುವ ಮೊದಲು ಹಿರಿಯರು ಹೋಗಿ ವರನ ಮನೆ ನೋಡಿ ಬರುತ್ತಾರೆ. ಒಪ್ಪಿದರೆ ಒಬ್ಬರ ಬಾಯಿಗೊಬ್ಬರು ಸಕ್ಕರೆ ಹಾಕಿ ಮಾತು ಪಕ್ಕಾ ಮಾಡುತ್ತಾರೆ. ಹತ್ತಾರು ಮದುವೆ ಕುದುರಿಸಿದ ಆಯಿಗೆ ಮನೆ ನೋಡುವ ರೀತಿ ಅದೊಂದೇ ಗೊತ್ತು. ಕೆಂಪು ಸೆರಗಿನ ಸೀರೆ ಉಟ್ಟು, ದಾರಿಯಲ್ಲಿ ಅಮೀನಗಡದ ಕರದಂಟು ಕೊಂಡು, ಅಪ್ಪನನ್ನೂ ನನ್ನನ್ನೂ ಕಟ್ಟಿಕೊಂಡು ಹೊರಟಳು.

ಹೋದಾಗ ವಾರ್ಡನ್ ಬಾಯಿ ಬನಶಂಕರಿ ಗುಡಿಗೆ ಹೋಗಿದ್ದಳು. ಮನೆಯಲ್ಲಿ ಅವಳ ತಾಯಿ ಮಾತ್ರ. ಆಯಿ ನೀರು ಕೇಳಿ, ಚರಿಗೆಯನ್ನು ತಿರುಗಿಸಿ ಚೆನ್ನಾಗಿ ಬೆಳಗಿದ್ದಾರೋ ಇಲ್ಲವೋ ನೋಡಿದಳು. ಬಾವಿಗೆ ಬಗ್ಗಿದಳು. ಕೊಟ್ಟಿಗೆಗೆ ಹೋಗಿ ಎಮ್ಮೆಯ ಬೆನ್ನು ಸವರಿದಳು. ಅಡುಗೆಮನೆಯಲ್ಲಿ ರೊಟ್ಟಿಯೊಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಆ ತಾಯಿಗೆ ಎಲ್ಲ ತಿಳಿದುಹೋಯಿತು. ನನ್ನನ್ನು ನೋಡಿ, "ಹುಡುಗೀನೂ ಕರ್ಕೊಂಡ ಬಂದೀರಲ್ರಿ, ಕಲಿತ ಮಂದಿ ನೋಡ್ರಿ!" ಎಂದು ಹಿಗ್ಗಿ, ಆಳನ್ನು ಬಾದಾಮಿಗೆ ಓಡಿಸಿ, ಉಪ್ಪಿಟ್ಟು ಮಾಡಲು ಒಳಗೆ ಹೋದಳು.

ಅಷ್ಟರಲ್ಲಿ ವಾರ್ಡನ್ ಬಾಯಿ ಬಂದಳು. ಅಪ್ಪ ವಿಷಯ ಹೇಳಿದರು. ಆಯಿ ಒಂದೊಂದಾಗಿ ಕೇಳಿದಳು, ಆಕೆ ಉತ್ತರಿಸಿದಳು. ದಿನಾ ರೊಟ್ಟಿ. ದೀಪ ಹಚ್ಚುವ ಹೊತ್ತಿಗೆ ಗೇಟು ಬಂದ್. ಓದುವವರಿಗೆ ಬೇರೆ ಕೋಣೆ. ಆಯಿಯ ಮುಖ ಅರಳಿತು.

"ಎಲ್ಲಾ ಮನಸಿಗೆ ಬಂತು. ಸಕ್ಕರಿ ತರ್ರಿ!"

ನನಗೆ ಕುಣಿಯುವಂತಾಯಿತು. ಆ ತಾಯಿ ಒಳಗಿನಿಂದ ಬಟ್ಟಲು ಹಿಡಿದು ಓಡಿಬಂದಳು. ಆಯಿ ಅವಳ ಬಾಯಿಗೆ, ಅವಳು ಆಯಿಯ ಬಾಯಿಗೆ, ಇಬ್ಬರೂ ಸೇರಿ ನನ್ನ ಬಾಯಿಗೆ ಸಕ್ಕರೆ ಹಾಕಿದರು. ಅದೇ ಹೊತ್ತಿಗೆ ಇಸ್ತ್ರಿ ಶರ್ಟಿನ ತರುಣನೊಬ್ಬ ಬಾಗಿಲಲ್ಲಿ ಸೈಕಲ್ ನಿಲ್ಲಿಸಿ ಒಳಗೆ ಬಂದು, ಸೀದಾ ಅಪ್ಪನ ಕಾಲಿಗೆ ಬಿದ್ದ.

ಅಪ್ಪ ಗಾಬರಿಯಾದರು. "ನೀವೂ ಹಾಸ್ಟೆಲ್‌ನಾಗ ಇರ್ತೀರೇನ್ರಿ?"

"ಇಲ್ರಿ ಮಾವಾರ, ನಾ ಬಾದಾಮಿ ಬ್ಯಾಂಕಿನಾಗ ಅದೀನಿ. ಮದುವಿ ಆದ ಮ್ಯಾಲೆ ಅಲ್ಲೇ ಮನಿ ಮಾಡ್ತೇನ್ರಿ."

ಎಲ್ಲರ ಬಾಯಿಯೂ ಸಕ್ಕರೆ ಸಮೇತ ನಿಂತುಹೋಯಿತು. "ನಾ ಎಂ.ಎ. ಮಾಡಾಕ ಬಂದೀನ್ರಿ!" ಎಂದು ನಾನು ಕೂಗಿಯೇಬಿಟ್ಟೆ. ವಾರ್ಡನ್ ಬಾಯಿ ತಮ್ಮನನ್ನು ನೋಡಿ ಹಣೆ ಬಡಿದುಕೊಂಡಳು. ತಾಯಿ ಮಾತ್ರ ಸೋಲಲಿಲ್ಲ. "ಸಕ್ಕರಿ ನುಂಗಿ ಆಗೇತಲ್ರಿ! ಇನ್ನ ಮಾತು ಮುರಿಯಾಕ ಬರ್ತೈತೇನು?"

ಆಯಿ ಹುಡುಗನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. ಎಂ.ಎ. ಇಲ್ಲೇ ಮುಗಿಯಿತು ಅಂದುಕೊಂಡೆ.

"ಮುರಿಯೂದಿಲ್ರಿ" ಎಂದಳು ಆಯಿ, ತಣ್ಣಗೆ. "ಮೊದಲ ಎರಡು ವರ್ಷ ಹುಡುಗಿ ನಿಮ್ಮ ಮಗಳ ಕೈಯಾಗಿನ ಊಟಾ ಉಂಡು, ಓದಿ ಬರ್ಲಿ. ಆಕಿ ಹೆಂಗ ನೋಡ್ಕೋತಾಳ ನೋಡಿ, ಆಮ್ಯಾಲ ನಿಮ್ಮ ಮಗನ ವಿಚಾರ ಮಾಡೂಣು."

ಹೀಗೆ ನಾನು ಧಾರವಾಡ ಸೇರಿದೆ. ಆ ಹುಡುಗ ಬನಹಟ್ಟಿಯ ಹುಡುಗಿಯೊಬ್ಬಳನ್ನು ಮದುವೆಯಾಗಿ ಸುಖವಾಗಿದ್ದಾನೆ. ಆದರೆ ಆ ಮದುವೆ ಆದದ್ದು ನನ್ನ ಓದು ಮುಗಿದ ಮೇಲೆ. ಅಲ್ಲಿಯ ತನಕ ಹಾಸ್ಟೆಲ್ಲಿನಲ್ಲಿ ಎಲ್ಲರ ತಾಟಿಗೆ ತುಪ್ಪ ಹನಿಯಾಗಿ ಬಿದ್ದರೆ, ನನ್ನ ತಾಟಿಗೆ ಚಮಚ ತುಂಬ ಬೀಳುತ್ತಿತ್ತು. ಆಡಳಿತದಲ್ಲಿ ಪಕ್ಷಪಾತ ಎಷ್ಟು ಕೆಟ್ಟದ್ದು ಎಂದು ಪ್ರೊಫೆಸರು ಬೆಳಿಗ್ಗೆ ಪಾಠ ಮಾಡುತ್ತಿದ್ದರು. ನಾನು ತಲೆ ಬಗ್ಗಿಸಿ ಎಲ್ಲ ಬರೆದುಕೊಳ್ಳುತ್ತಿದ್ದೆ. ಮಧ್ಯಾಹ್ನ ಹಾಗೆಯೇ ತಲೆ ಬಗ್ಗಿಸಿ ಉಣ್ಣುತ್ತಿದ್ದೆ.